ಶುಕ್ರ, ಮಂಗಳಕ್ಕೆ ಜೋಡಿ ಭೂಮಿಯ ಎಫ್1 ಪದರ; ಎಫ್2 ಅಲ್ಲ

ಶುಕ್ರ, ಭೂಮಿ, ಮಂಗಳ ಮೂರರ ಅಯಾನುಗೋಳವನ್ನು (ಬಿಸಿಲಿಗೆ ಎಲೆಕ್ಟ್ರಾನ್ ಕಳಚಿಕೊಂಡ ಮೇಲಿನ ಗಾಳಿ) ಒಂದೇ ಗ್ರಾಫಿನಲ್ಲಿ ಕೂರಿಸಲಾಗದು, ಭೂಮಿ ಯಾವತ್ತೂ ಹೊರಗೇ ಬೀಳುತ್ತದೆ ಎನ್ನುತ್ತಿದ್ದರು. ಭೂಮಿಯ ಅತಿ ದಟ್ಟ ಪದರ ಎಫ್2 ಹಿಡಿದರೆ ಬಿದ್ದೇ ಬೀಳುತ್ತದೆ, ಅಲ್ಲಿ ಪ್ಲಾಸ್ಮಾದ (ಅಯಾನು, ಎಲೆಕ್ಟ್ರಾನ್‌ಗಳ ಮಿಶ್ರಣದ) ಸಾಗಾಟದ್ದೇ ಕಾರುಬಾರು. ಮಂಗಳದ ಮುಖ್ಯ ಪದರ ಎಂ2, ಶುಕ್ರದ ವಿ2 ಎರಡೂ ಬಿಸಿಲು ಹುಟ್ಟಿಸಿ, ಮರುಸಂಯೋಗ (ಅಯಾನು, ಎಲೆಕ್ಟ್ರಾನ್ ಮತ್ತೆ ಕೂಡುವುದು) ಅಳಿಸುವ ಪದರಗಳು. ಅವಕ್ಕೆ ಸರಿಜೋಡಿ ಎಫ್2ರ ಕೆಳಗಿನ ಎಫ್1.

ಮಂಗಳಕ್ಕೆ ನಾಸಾದ ನೌಕೆ ಮಾರ್ಸ್ ಗ್ಲೋಬಲ್ ಸರ್ವೇಯರ್‌ನ ಸುಮಾರು 5,600 ಪ್ರೊಫೈಲ್‌ಗಳು (ಎತ್ತರಕ್ಕೆ ತಕ್ಕ ಎಲೆಕ್ಟ್ರಾನ್ ಸಾಂದ್ರತೆಯ ಗೆರೆಗಳು) ಪುಕ್ಕಟೆ ಸಿಗುತ್ತವೆ. ಎಲ್ಲವೂ 71ರಿಂದ 89 ಡಿಗ್ರಿ ಸೌರಕೋನದವು (ನೆತ್ತಿಯಿಂದ ಸೂರ್ಯ ಇಳಿದ ಕೋನ), ಮಧ್ಯಾಹ್ನದ್ದು ಒಂದೂ ಇಲ್ಲ. ಅಲ್ಲಿ ಓರೆ ಬಿಸಿಲಿನ ದಾರಿ ಅಳೆಯಲು ಸೆಕೆಂಟ್ ಸೂತ್ರ ಕೈಕೊಡುತ್ತದೆ, ಗ್ರಹ ಗುಂಡಗಿರುವುದನ್ನೂ ಲೆಕ್ಕಿಸುವ ಚಾಪ್‌ಮನ್ ಫಂಕ್ಷನ್ನೇ ಬೇಕು. ದಕ್ಷಿಣದ ಕೆಲವನ್ನು ತೆಗೆದಿಟ್ಟೆ, ಹೊರಪದರದ ಕಾಂತಕ್ಷೇತ್ರದ ಉಸಾಬರಿ ಬೇಡವೆಂದು.

ಹೆಣಗಾಟವೆಲ್ಲ ಶುಕ್ರದ್ದು. ಜಪಾನಿನ ಶುಕ್ರನೌಕೆ ಅಕಾಟ್ಸುಕಿ ಗ್ರಹದ ಹಿಂದೆ ಮರೆಯಾಗುವಾಗ ಅದರ ಎಕ್ಸ್-ಬ್ಯಾಂಡ್ ರೇಡಿಯೋ ಸಿಗ್ನಲ್ ಅಯಾನುಗೋಳದಲ್ಲಿ ಬಾಗುವುದರಿಂದ ಸಾಂದ್ರತೆ ತಿಳಿಯುತ್ತದೆ; ಆ ಸಿಗ್ನಲ್ ಇಸ್ರೋದ ನಮ್ಮ ಬ್ಯಾಲಾಳು ಕೇಂದ್ರದಲ್ಲೂ ಹಿಡಿದದ್ದು. 8.4 ಗಿಗಾಹರ್ಟ್ಸ್‌ನಲ್ಲಿ ಘನ ಸೆಂ.ಮೀ.ಗೆ 1 ಲಕ್ಷ ಎಲೆಕ್ಟ್ರಾನ್ ಇದ್ದರೂ ವಕ್ರೀಭವನಾಂಕ ಕದಲುವುದು 10 ಕೋಟಿಯಲ್ಲಿ 6 ಪಾಲು. ಬೇಸ್‌ಲೈನನ್ನು (ಸಿಗ್ನಲಿನಿಂದ ಕಳೆಯಬೇಕಾದ ಶೂನ್ಯರೇಖೆ) 300 ಕಿ.ಮೀ.ಯಿಂದಲೇ ಹೊಂದಿಸಿದರೆ ಮೇಲ್ಭಾಗದ ಪ್ಲಾಸ್ಮಾವೂ ಅದರಲ್ಲೇ ಕಳೆದುಹೋಗಿ, ಬಾಗಿನಿಂದ ಸಾಂದ್ರತೆ ತೆಗೆಯುವ ಏಬೆಲ್ ಇನ್ವರ್ಶನ್ ಲೆಕ್ಕ ಕೆಳಗಿಳಿದಂತೆ ಸಾಂದ್ರತೆ ಋಣಾತ್ಮಕವಾಗುತ್ತದೆ. 500ರ ಮೇಲೆ ಹೊಂದಿಸಿ. 100 ಕಿ.ಮೀ. ಆಸುಪಾಸಿನಲ್ಲಿ ಸೊನ್ನೆಗೆ ಬಾರದ ಪ್ರೊಫೈಲನ್ನು ಮುಲಾಜಿಲ್ಲದೆ ಎಸೆಯಿರಿ. ಬೇಸ್‌ಲೈನಿಗೆ ಯಾವ ತೂಕ ಕೊಟ್ಟೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಆಮೇಲೆ ಶೃಂಗದ, ಅಂದರೆ ಪದರದ ಗರಿಷ್ಠ, ಸಾಂದ್ರತೆಯನ್ನು ಸೂರ್ಯನಿಂದ ಗ್ರಹಕ್ಕೆ ಆ ದಿನ ಇರುವ ದೂರದಿಂದ ಗುಣಿಸಿ; ದೂರ ಖಗೋಳಮಾನದಲ್ಲಿರಲಿ (ಭೂಮಿ-ಸೂರ್ಯರ ಸರಾಸರಿ ದೂರ 1). ಮಂಗಳಕ್ಕೆ ಸರಾಸರಿ 1.52 ಹಾಕಬೇಡಿ, ಅದು 1.38ರಿಂದ 1.67 ಖಗೋಳಮಾನದವರೆಗೆ ಓಡಾಡುತ್ತದೆ. ಭೂಮಿಯಲ್ಲಿ ಅಳೆದ ಎಫ್10.7 ಸೂಚ್ಯಂಕವನ್ನೂ (ಸೂರ್ಯನ ಚಟುವಟಿಕೆ ತೋರಿಸುವ ರೇಡಿಯೋ ಅಳತೆ) ಸೂರ್ಯನ 27 ದಿನದ ಸುತ್ತಿಗೆ ತಕ್ಕಂತೆ ಸರಿಸಿ: ಸೂರ್ಯನ ಸುತ್ತ ಗ್ರಹ ಭೂಮಿಯಿಂದ 90 ಡಿಗ್ರಿ ಆಚೆಯಿದ್ದರೆ ವಾರದಷ್ಟು. ಆ ಸೂಚ್ಯಂಕದೊಂದಿಗೆ ಸಾಂದ್ರತೆ ಏರುವ ಘಾತ 0.5 ಅಲ್ಲ, 0.35ರ ಹತ್ತಿರ.

ನಡುವೆ ಶೃಂಗದ ಎತ್ತರವನ್ನೂ ಹೋಲಿಸಿ ನೋಡಿದೆ. ಮಂಗಳದ್ದು ಸೂರ್ಯ ಇಳಿದಂತೆ ಏರುತ್ತದೆ. ಶುಕ್ರದ್ದು 140 ಕಿ.ಮೀ. ಬಿಟ್ಟು ಕದಲದು, ಸಂಜೆಯತ್ತ ಅದರ ಥರ್ಮೋಸ್ಫಿಯರೇ (ಮೇಲಿನ ತೆಳು ವಾತಾವರಣ) ಕುಗ್ಗುತ್ತದೆ. ಆ ದಾರಿ ಬಿಟ್ಟೆ.

ಖರ್ಚು ಒಂದು ಹಳೆಯ ಡೆಸ್ಕ್‌ಟಾಪ್, ಸುಮಾರು 40 ಸಾವಿರ ರೂಪಾಯಿ. ವರ್ಷ ವರ್ಷ ಲೈಸೆನ್ಸ್ ಕೇಳುವ ಸಾಫ್ಟ್‌ವೇರ್ ಬೇಕಾಗಲಿಲ್ಲ, ಪೈಥಾನ್ ಸಾಕಾಯಿತು.

ಮಧ್ಯಾಹ್ನಕ್ಕೆ, 1 ಖಗೋಳಮಾನಕ್ಕೆ ಇಳಿಸಿದಾಗ ಘನ ಸೆಂ.ಮೀ.ಗೆ ಮಂಗಳ 3 ಲಕ್ಷ, ಶುಕ್ರ 4 ಲಕ್ಷ ಎಲೆಕ್ಟ್ರಾನ್‌ಗಳ ಸುತ್ತ. ಭೂಮಿಯ ಎಫ್1 ಕ್ರಾಂತಿಕ ಆವರ್ತನ (ನೆಟ್ಟಗೆ ಮೇಲೆ ಕಳಿಸಿದಾಗ ಪದರ ಮರಳಿಸುವ ಗರಿಷ್ಠ ರೇಡಿಯೋ ಆವರ್ತನ) 5 ಮೆಗಾಹರ್ಟ್ಸ್ ಎಂದರೆ ಅದೂ 3 ಲಕ್ಷವೇ! ಶುಕ್ರಕ್ಕಿಂತ ಭೂಮಿ ತುಸು ಕೆಳಗಿರುವುದಕ್ಕೆ ಬೇಗ ಮರುಸಂಯೋಗವಾಗುವ ನೈಟ್ರಿಕ್ ಆಕ್ಸೈಡ್ ಅಯಾನಿನ ಪಾಲೂ ಇದೆ. ಆ ಆವರ್ತನ ಓದುವ ರೇಡಿಯೋ ಪ್ರತಿಧ್ವನಿ ಚಿತ್ರಗಳ, ಅಂದರೆ ಅಯಾನೋಗ್ರಾಮ್‌ಗಳ, ಆಟೋಸ್ಕೇಲಿಂಗನ್ನು (ಕಂಪ್ಯೂಟರ್ ತಾನೇ ಓದುವುದು) ಮಾತ್ರ ನಂಬಬೇಡಿ. ಎಫ್1 ಬರೀ ಮೆಟ್ಟಿಲಿನಂತೆ ಕಂಡರೆ ಅದು ಖಾಲಿ ಬಿಡುತ್ತದೆ, ಚಳಿಗಾಲದಲ್ಲಂತೂ ಇನ್ನೂ ಹೆಚ್ಚು. ಬೇಸಿಗೆಯ ಮಧ್ಯಾಹ್ನದವನ್ನು ಆರಿಸಿ, ಕೈಯಾರೆ ಓದಿ.