ಆಟವನ್ನು ಕೊನೆಗೆ ತೆರೆಯಿರಿ: ಕಂಪ್ಯೂಟರ್‌ಗೆ ಗೇಮ್ ಕಂಟ್ರೋಲರ್ ಜೋಡಿಸುವ ಕ್ರಮ

ದಸರಾ ರಜೆಗೆ ಬೆಂಗಳೂರಿನಿಂದ ಬಂದಿದ್ದ ನನ್ನ ತಮ್ಮ, ತನ್ನ ಹಳೆಯ ಪ್ಲೇಸ್ಟೇಷನ್ 4ರ ಕಂಟ್ರೋಲರನ್ನು ಕುವೆಂಪುನಗರದ ನಮ್ಮ ಮನೆಯಲ್ಲೇ ಬಿಟ್ಟುಹೋದ. ಅದನ್ನು ವಿಂಡೋಸ್ ಕಂಪ್ಯೂಟರ್‌ಗೆ ಜೋಡಿಸಿ ಮಗಳ ಕೈಗೆ ಕೊಡುವಷ್ಟರಲ್ಲಿ ಎರಡು ಸಂಜೆ ಕಳೆದವು. ಕ್ರಮ ತಿಳಿದಿದ್ದರೆ ಅರ್ಧ ಗಂಟೆಯ ಕೆಲಸ.

ಮೊದಲ ಸಂಜೆಯನ್ನು ನುಂಗಿದ್ದು ಕೇಬಲ್. ಮೊಬೈಲ್ ಚಾರ್ಜರಿನದನ್ನೇ ಚುಚ್ಚಿದೆ. ಕಂಟ್ರೋಲರಿನ ದೀಪ ಹತ್ತಿತು, ಕಂಪ್ಯೂಟರ್ ಮಾತ್ರ ಜಪ್ಪಯ್ಯ ಎಂದರೂ ಅದನ್ನು ಗುರುತಿಸಲಿಲ್ಲ. ಕೆಲವು ಕೇಬಲ್‌ಗಳಲ್ಲಿ ವಿದ್ಯುತ್ ಹರಿಯುವ ತಂತಿಗಳಷ್ಟೇ ಇರುತ್ತವೆ, ಮಾಹಿತಿ ಸಾಗಿಸುವ ತಂತಿಗಳು ಇರುವುದಿಲ್ಲ. ಮರುದಿನ ದೇವರಾಜ ಅರಸು ರಸ್ತೆಯಲ್ಲಿ ‘ಡೇಟಾ ಕೇಬಲ್’ ಎಂದೇ ಕೇಳಿ ತಂದೆ. ಪ್ಲೇಸ್ಟೇಷನ್ 4ಕ್ಕೆ ಮೈಕ್ರೋ ಯುಎಸ್‌ಬಿ, 5ಕ್ಕೆ ಟೈಪ್-ಸಿ. ಮನೆಯಲ್ಲಿ ಕೇಬಲ್ ಇದ್ದರೆ ಅದರಿಂದ ಫೋನಿನ ಫೋಟೋಗಳನ್ನು ಕಂಪ್ಯೂಟರ್‌ಗೆ ವರ್ಗಾಯಿಸಿ ನೋಡಿ. ಬಂದರೆ ಅದೇ ಸಾಕು.

ಜೋಡಿಸಿದ ಮೇಲೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಜೆ-ಓ-ವೈ, ಚುಕ್ಕಿ, ಸಿ-ಪಿ-ಎಲ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ತೆರೆಯುವ ಪಟ್ಟಿಯಲ್ಲಿ ನಿಮ್ಮ ಕಂಟ್ರೋಲರನ್ನು ಆರಿಸಿ ‘ಪ್ರಾಪರ್ಟೀಸ್’ ಒತ್ತಿ. ಇಲ್ಲಿ ಅವಸರ ಬೇಡ. ಒಂದೊಂದೇ ಗುಂಡಿ ಒತ್ತಿದಂತೆ ಪರದೆಯಲ್ಲಿ ಒಂದೊಂದು ಕೆಂಪು ದೀಪ ಹೊಳೆಯಬೇಕು. ಎಡ ಸ್ಟಿಕ್ ಆಡಿಸಿದರೆ ಚೌಕದೊಳಗಿನ ಪುಟ್ಟ ಕೂಡುವ ಚಿಹ್ನೆ ಅದರ ಹಿಂದೆಯೇ ಓಡಬೇಕು, ಬೆರಳು ತೆಗೆದರೆ ನಡುವಿಗೆ ಮರಳಬೇಕು. ನಮ್ಮದರಲ್ಲಿ ಅದು ನಡುವಿಗೆ ಬಂದು, ಸಣ್ಣಗೆ ನಡುಗಿ, ಕೂದಲೆಳೆಯಷ್ಟು ಎಡಕ್ಕೆ ಸರಿದು ನಿಂತಿತು. ವರ್ಷಗಟ್ಟಲೆ ತಿಕ್ಕಾಡಿ ಸ್ಟಿಕ್ಕಿನ ಒಳಗಿನ ಸಂವೇದಕ ಸವೆದರೆ ಹೀಗಾಗುತ್ತದೆ. ಆಟದ ಸೆಟ್ಟಿಂಗ್ಸ್‌ನಲ್ಲಿ ‘ಡೆಡ್‌ಝೋನ್’ ಸ್ವಲ್ಪ ಹೆಚ್ಚಿಸಿದರೆ ಆ ಅಲ್ಪ ಸರಿತವನ್ನು ಆಟ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅತಿಯಾಗಿ ಹೆಚ್ಚಿಸಿದರೆ ಸೂಕ್ಷ್ಮ ತಿರುವುಗಳೂ ಕಳೆದುಹೋಗುತ್ತವೆ.

ಇನ್ನು ಕಂಟ್ರೋಲರ್ ಮತ್ತು ಆಟದ ನಡುವಿನ ಭಾಷೆಯ ಮಾತು. ವಿಂಡೋಸಿನ ಬಹುತೇಕ ಆಟಗಳು ನಿರೀಕ್ಷಿಸುವುದು ಮೈಕ್ರೋಸಾಫ್ಟ್‌ನ ಆಟದ ಯಂತ್ರವಾದ 2005ರ ಎಕ್ಸ್‌ಬಾಕ್ಸ್ 360ರ ಕಾಲದಲ್ಲಿ ಬಂದ ಎಕ್ಸ್‌ಇನ್‌ಪುಟ್ ಭಾಷೆಯನ್ನು. ಎಕ್ಸ್‌ಬಾಕ್ಸ್ ಕಂಟ್ರೋಲರ್ ಅದನ್ನು ನೇರವಾಗಿ ಆಡುತ್ತದೆ. ಪ್ಲೇಸ್ಟೇಷನ್ನಿನದಕ್ಕೆ ಸಾಮಾನ್ಯವಾಗಿ ದುಭಾಷಿ ಬೇಕು. ಆಟಗಳನ್ನು ಕೊಂಡು ಆಡುವ ಸ್ಟೀಮ್ ಎಂಬ ತಂತ್ರಾಂಶದಲ್ಲಿ ಆಡುವವರು ಅದರ ಸೆಟ್ಟಿಂಗ್ಸ್‌ನ ‘ಕಂಟ್ರೋಲರ್’ ವಿಭಾಗದಲ್ಲಿ ಪ್ಲೇಸ್ಟೇಷನ್ನಿಗಾಗಿ ಇರುವ ಸ್ಟೀಮ್ ಇನ್‌ಪುಟ್ ಆನ್ ಮಾಡಿ. ಹೊರಗಿನ ಆಟಗಳಿಗೆ ಡಿಎಸ್4ವಿಂಡೋಸ್ ಎಂಬ ಉಚಿತ ತಂತ್ರಾಂಶವಿದೆ. ಎರಡನ್ನೂ ಒಟ್ಟಿಗೆ ಓಡಿಸಬೇಡಿ. ನಾನು ಓಡಿಸಿದ್ದೆ: ಮಗಳು ಒಮ್ಮೆ ಒತ್ತಿದರೆ ಮೆನು ಎರಡು ಸಾಲು ಜಿಗಿಯುತ್ತಿತ್ತು. ಎರಡನೆಯ ಸಂಜೆ ಹೋದದ್ದು ಇದಕ್ಕೇ.

ತಂತಿ ಬೇಡವೆಂದರೆ ಪಿಎಸ್ ಮತ್ತು ಶೇರ್ ಗುಂಡಿಗಳನ್ನು ಒಟ್ಟಿಗೆ ಒತ್ತಿಹಿಡಿಯಿರಿ; ದೀಪ ವೇಗವಾಗಿ ಮಿನುಗತೊಡಗಿದಾಗ ವಿಂಡೋಸಿನ ಬ್ಲೂಟೂತ್ ಪಟ್ಟಿಯಲ್ಲಿ ‘ವೈರ್‌ಲೆಸ್ ಕಂಟ್ರೋಲರ್’ ಕಾಣುತ್ತದೆ. ಸಂಪರ್ಕ ಪದೇಪದೇ ಕಡಿದರೆ ಬ್ಲೂಟೂತ್ ಡಾಂಗಲನ್ನು (ಯುಎಸ್‌ಬಿಗೆ ಚುಚ್ಚುವ ಪುಟ್ಟ ಬ್ಲೂಟೂತ್ ಸಾಧನ) ಯುಎಸ್‌ಬಿ 3 ಹಾರ್ಡ್ ಡಿಸ್ಕಿನ ಪಕ್ಕದಿಂದ ದೂರ ಚುಚ್ಚಿ. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ತರಂಗಕ್ಕೆ ಆ ಹಾರ್ಡ್ ಡಿಸ್ಕ್ ಅಡ್ಡಿಪಡಿಸುತ್ತದೆ.

ಈಗ ಆಟ ತೆರೆಯಿರಿ. ಪರದೆಯ ಮೇಲೆ ಎಕ್ಸ್‌ಬಾಕ್ಸಿನ ಅಕ್ಷರಗಳು ಕಂಡರೆ ಗಾಬರಿ ಬೇಡ: ಎ ಎಂದರೆ ಕತ್ತರಿ ಗುರುತು, ಬಿ ವೃತ್ತ, ಎಕ್ಸ್ ಚೌಕ, ವೈ ತ್ರಿಕೋನ. ಇಷ್ಟನ್ನು ಚೀಟಿಯಲ್ಲಿ ಬರೆದು ನಮ್ಮ ಮಾನಿಟರಿನ ಕೆಳಗೆ ಅಂಟಿಸಿದ್ದೇನೆ.