ಎರಡು ಕೀಲಿಯ ತಿಜೋರಿ ಮತ್ತು ಮನುಷ್ಯ ಸ್ವಭಾವದ ಪ್ರಶ್ನೆ

ಬ್ಯಾಂಕಿನ ಸ್ಟ್ರಾಂಗ್ ರೂಮನ್ನು ಯಾರೂ ಒಬ್ಬರೇ ತೆರೆಯಲಾಗದು. ಒಂದು ಕೀಲಿ ಕ್ಯಾಷಿಯರ್ ಬಳಿ ಇದ್ದರೆ ಇನ್ನೊಂದು ಅಧಿಕಾರಿಯ ಬಳಿ ಇರುತ್ತದೆ. ಇಬ್ಬರೂ ಎದುರಿಗಿದ್ದಾಗ ಮಾತ್ರ ಬಾಗಿಲು ತೆರೆಯುತ್ತದೆ. ಸೂಕ್ಷ್ಮ ಹುದ್ದೆಗಳಲ್ಲಿರುವ ನೌಕರರನ್ನು ಪ್ರತಿ ವರ್ಷ, ಮುನ್ಸೂಚನೆ ಕೊಡದೆ, ಒಂದೇ ಬಾರಿಗೆ ಕನಿಷ್ಠ 10 ಕೆಲಸದ ದಿನಗಳ ಕಡ್ಡಾಯ ರಜೆಯ ಮೇಲೆ ಕಳುಹಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವೂ ಇದೆ. ಆ ಕುರ್ಚಿಯಲ್ಲಿ ಬೇರೊಬ್ಬರು ಕುಳಿತಾಗ, ಮುಚ್ಚಿಟ್ಟದ್ದೇನಾದರೂ ಇದ್ದರೆ ತಾನಾಗಿ ಹೊರಬೀಳುತ್ತದೆ ಎಂಬುದು ಅದರ ತರ್ಕ. ಇಂಥ ನಿಯಮಗಳ ನಡುವೆಯೇ ವೃತ್ತಿಜೀವನವನ್ನು ಕಳೆದ ನನಗೆ, ಇವುಗಳ ಹಿಂದೆ ಮನುಷ್ಯ ಎಂಥವನು ಎಂಬ ಬಗ್ಗೆ ಒಂದು ನಿಶ್ಚಿತ ನಿಲುವು ಇದೆಯೆಂದು ಅನ್ನಿಸುತ್ತಿತ್ತು. ನಿವೃತ್ತಿಯ ನಂತರ ತತ್ತ್ವಶಾಸ್ತ್ರದ ಓದಿಗೆ ತೊಡಗಿದಾಗ ನಾನು ಎತ್ತಿಕೊಂಡದ್ದು ಈ ಒಂದೇ ಎಳೆಯನ್ನು.

ಬದುಕಿನ ಅರ್ಥವೇನು, ಮೌಲ್ಯಗಳು ಎಲ್ಲಿಂದ ಬರುತ್ತವೆ ಎಂಬ ಪ್ರಶ್ನೆಗಳನ್ನು ನೇರವಾಗಿ ಕೇಳಿಕೊಂಡು ಕುಳಿತರೆ ಮಾತು ಬಹುಬೇಗ ಉಪದೇಶವಾಗಿಬಿಡುತ್ತದೆ. ಆದ್ದರಿಂದ ನಾನು ಇಟ್ಟುಕೊಂಡ ಕ್ರಮ ಇಷ್ಟು: ಒಂದೇ ಪ್ರಶ್ನೆಯ ಬಗ್ಗೆ ಪರಸ್ಪರ ಒಪ್ಪದ ಇಬ್ಬರನ್ನು ಜೊತೆಯಾಗಿ ಓದುವುದು, ಒಬ್ಬೊಬ್ಬರ ವಾದವನ್ನೂ, ಅವರೇ ನೋಡಿದರೆ ಹೌದೆನ್ನುವ ಹಾಗೆ, ಕನ್ನಡದಲ್ಲಿ ಆರೇಳು ಸಾಲುಗಳಲ್ಲಿ ಬರೆಯುವುದು, ಆಮೇಲೆ ನಾನು ಕಂಡ ಒಂದು ಪ್ರಸಂಗವನ್ನು ಆರಿಸಿಕೊಂಡು, ಈ ಇಬ್ಬರ ಮಾತು ಕೇಳಿದರೆ ಅಲ್ಲಿ ನಡೆದುಕೊಳ್ಳುವ ರೀತಿಯಲ್ಲಿ ವ್ಯತ್ಯಾಸವಾಗುತ್ತದೆಯೇ ಎಂದು ನೋಡುವುದು. ವ್ಯತ್ಯಾಸವೇ ಕಾಣದಿದ್ದರೆ ಅವರ ಜಗಳ ನನಗಿನ್ನೂ ಅರ್ಥವಾಗಿಲ್ಲವೆಂದು ತಿಳಿದು ಮೊದಲಿನಿಂದ ಓದುತ್ತೇನೆ.

ಮೊದಲ ಜೋಡಿ ಪ್ರಾಚೀನ ಚೀನಾದ್ದು. ಕ್ರಿಸ್ತಪೂರ್ವ 4ನೆಯ ಶತಮಾನದ ಮೆನ್ಷಿಯಸ್ ಮತ್ತು 3ನೆಯ ಶತಮಾನದ ಶುನ್‌ಜಿ, ಇಬ್ಬರೂ ಕನ್‌ಫ್ಯೂಷಿಯಸ್ ಪರಂಪರೆಯವರೇ. ಮಗುವೊಂದು ಇನ್ನೇನು ಬಾವಿಗೆ ಬೀಳುವುದರಲ್ಲಿದೆ ಎಂದು ಹಠಾತ್ತನೆ ಕಂಡ ಯಾವ ಮನುಷ್ಯನ ಎದೆಯೂ ಧಸಕ್ಕೆನ್ನುತ್ತದೆ ಎನ್ನುತ್ತಾನೆ ಮೆನ್ಷಿಯಸ್. ಮಗುವಿನ ತಂದೆತಾಯಿಯ ಕೃಪೆ ಸಿಗಲೆಂದಾಗಲಿ, ಊರವರು ಹೊಗಳಲೆಂದಾಗಲಿ, ಅದರ ಕಿರುಚಾಟ ಕಿವಿಗೆ ಹಿಂಸೆಯಾಗುವುದೆಂದಾಗಲಿ ಹಾಗೆ ಅನ್ನಿಸುವುದಿಲ್ಲ. ಲೆಕ್ಕಾಚಾರಕ್ಕೆ ಸಮಯ ಸಿಗುವ ಮೊದಲೇ ಆ ಕಂಪನ ಆಗಿರುತ್ತದೆ. ಕರುಣೆ, ನಾಚಿಕೆ, ವಿನಯ, ಸರಿತಪ್ಪುಗಳ ಅರಿವು ಎಂಬ ನಾಲ್ಕು ಮೊಳಕೆಗಳು ಎಲ್ಲರಲ್ಲೂ ಹುಟ್ಟಿನಿಂದಲೇ ಇವೆ, ಪೋಷಿಸಿದರೆ ಸದ್ಗುಣಗಳಾಗುತ್ತವೆ, ಬಿಟ್ಟರೆ ಒಣಗುತ್ತವೆ ಎಂಬುದು ಅವನ ಸಿದ್ಧಾಂತ. ಮಗುವನ್ನು ಎಲ್ಲರೂ ಓಡಿಹೋಗಿ ಎತ್ತಿಕೊಳ್ಳುತ್ತಾರೆ ಎಂದು ಅವನು ಹೇಳುವುದಿಲ್ಲವೆಂಬುದನ್ನು ಗಮನಿಸಬೇಕು. ಎದೆ ಧಸಕ್ಕೆನ್ನುವುದಷ್ಟೇ ಅವನ ಸಾಕ್ಷ್ಯ.

ಶುನ್‌ಜಿ ಇದನ್ನು ನೇರವಾಗಿ ನಿರಾಕರಿಸುತ್ತಾನೆ. ಮನುಷ್ಯನ ಸ್ವಭಾವ ಕೆಟ್ಟದ್ದು, ಅವನಲ್ಲಿ ಒಳ್ಳೆಯದೇನಿದ್ದರೂ ಅದು ಪ್ರಯತ್ನದಿಂದ ಬಂದದ್ದು. ಸೊಟ್ಟ ಮರವನ್ನು ಹಬೆಗೆ ಹಿಡಿದು ಚೌಕಟ್ಟಿಗೆ ಬಿಗಿದರೆ ಮಾತ್ರ ನೆಟ್ಟಗಾಗುವಂತೆ ಮನುಷ್ಯನಿಗೂ ಗುರು ಮತ್ತು ವಿಧಿನಿಯಮಗಳು ಬೇಕು ಎಂಬುದು ಅವನ ವಾದ. ಅವನು ಕೊಡುವ ಉದಾಹರಣೆಗಳಲ್ಲಿ ನನಗೆ ಹತ್ತಿರವಾದದ್ದು ಆಸ್ತಿ ಹಂಚಿಕೊಳ್ಳುವ ಅಣ್ಣತಮ್ಮಂದಿರದ್ದು: ಸ್ವಭಾವ ಎಳೆದ ಕಡೆಗೆ ಹೋದರೆ ಒಡಹುಟ್ಟಿದವರೇ ಕಿತ್ತಾಡುತ್ತಾರೆ, ಸಂಸ್ಕಾರ ಪಡೆದವರಾದರೆ ಪರರಿಗೂ ಬಿಟ್ಟುಕೊಡುತ್ತಾರೆ. ಪಾಲುಪಟ್ಟಿಯ ವ್ಯಾಜ್ಯಗಳನ್ನು ಹತ್ತಿರದಿಂದ ಕಂಡ ಯಾರಿಗೂ, ಅದರಲ್ಲೂ ಸಾಲದ ಕಡತದಲ್ಲಿ ಜಂಟಿ ಪಹಣಿ ನೋಡಿ ಅಣ್ಣನ ಸಹಿಗಾಗಿ ತಮ್ಮ ಅಲೆಯುವುದನ್ನು ಕಂಡ ಬ್ಯಾಂಕಿನವರಿಗೆ, ಈ ಮಾತಿಗೆ ಹೆಚ್ಚಿನ ವಿವರಣೆ ಬೇಕಾಗಲಾರದು.

ನನ್ನ ತಿಜೋರಿ ಶುನ್‌ಜಿಯ ಪಕ್ಷಕ್ಕೆ ಸೇರಿದ್ದೆಂದು ತೋರಿತು. ಹಾಗೆ ತೀರ್ಮಾನಿಸುವ ಮುನ್ನ ಮೂರನೆಯವನೊಬ್ಬನನ್ನು ಓದಿದೆ. ಇಂಗ್ಲೆಂಡಿನ ಅಂತರ್ಯುದ್ಧದ ಬೆನ್ನಿಗೆ, 1651ರಲ್ಲಿ ಪ್ರಕಟವಾದ ತನ್ನ ‘ಲೆವಿಯಾಥನ್’ ಕೃತಿಯಲ್ಲಿ ಅಲ್ಲಿನ ತತ್ತ್ವಜ್ಞಾನಿ ಥಾಮಸ್ ಹಾಬ್ಸ್ ಓದುಗನನ್ನೇ ಪ್ರಶ್ನಿಸುತ್ತಾನೆ: ಕಾನೂನೂ ಅಧಿಕಾರಿಗಳೂ ಇರುವ ನಾಡಿನಲ್ಲಿಯೇ ನೀನು ಮಲಗುವಾಗ ಬಾಗಿಲು ಹಾಕಿಕೊಳ್ಳುತ್ತೀಯೆ, ಮನೆಯೊಳಗೂ ಪೆಟ್ಟಿಗೆಗೆ ಬೀಗ ಹಾಕುತ್ತೀಯೆ, ಹಾಗಾದರೆ ನಿನ್ನ ನೆರೆಯವರ ಬಗ್ಗೆ, ಮಕ್ಕಳು ಮತ್ತು ಆಳುಗಳ ಬಗ್ಗೆ ನಿನ್ನ ಅಭಿಪ್ರಾಯವೇನು? ನಾನು ಮಾತಿನಲ್ಲಿ ಆರೋಪಿಸಿದ್ದನ್ನೇ ನೀನು ಕೃತಿಯಲ್ಲಿ ಆರೋಪಿಸುತ್ತಿಲ್ಲವೇ? ಆದರೆ ಇದರ ಬೆನ್ನಿಗೇ ಅವನು, ನಾವಿಬ್ಬರೂ ಮನುಷ್ಯಸ್ವಭಾವವನ್ನು ದೂಷಿಸುತ್ತಿಲ್ಲ, ಆಸೆಗಳು ತಮ್ಮಷ್ಟಕ್ಕೆ ತಾವೇ ಪಾಪವಲ್ಲ ಎಂದೂ ಸೇರಿಸುತ್ತಾನೆ. ಈ ಎರಡನೆಯ ಮಾತನ್ನು ಹೆಚ್ಚಿನವರು ಉದ್ಧರಿಸುವುದಿಲ್ಲ. ನನಗೆ ಉಪಯೋಗಕ್ಕೆ ಬಂದದ್ದು ಅದೇ. ಬೀಗ ಹಾಕಲು ಎಲ್ಲರೂ ಕಳ್ಳರೆಂದು ನಂಬಬೇಕಾಗಿಲ್ಲ. ಯಾರು ಎಂಥವರೆಂದು ಮೊದಲೇ ತಿಳಿಯುವ ಉಪಾಯವಿಲ್ಲ ಎಂಬಷ್ಟು ಒಪ್ಪಿದರೆ ಸಾಕು. ಹೀಗೆ ನೋಡಿದಾಗ ಎರಡು ಕೀಲಿಯ ನಿಯಮವನ್ನು ಮೆನ್ಷಿಯಸ್‌ನ ಅನುಯಾಯಿಯೂ ಒಪ್ಪಬಹುದು, ಏಕೆಂದರೆ ನಗದು ಕಡಿಮೆ ಬಿದ್ದ ದಿನ ಪ್ರಾಮಾಣಿಕ ಕ್ಯಾಷಿಯರ್‌ನ ಪರವಾಗಿ ಸಾಕ್ಷಿ ಹೇಳಲು ಇನ್ನೊಬ್ಬರು ಇರುತ್ತಾರೆ.

ಹಾಗಾದರೆ ಇಬ್ಬರ ನಡುವಿನ ಭೇದ ಎಲ್ಲಿ ಕಾಣುತ್ತದೆ? ತಪ್ಪು ನಡೆದ ನಂತರ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ. ಸ್ಥಿರವಾದ ಜೀವನೋಪಾಯವಿಲ್ಲದ ಸಾಮಾನ್ಯ ಜನರಲ್ಲಿ ಸ್ಥಿರವಾದ ಮನಸ್ಸು ಇರಲಾರದು, ಅವರನ್ನು ಆ ಸ್ಥಿತಿಗೆ ಬಿಟ್ಟು ತಪ್ಪು ಮಾಡಿದಾಗ ಶಿಕ್ಷಿಸುವುದೆಂದರೆ ಪ್ರಜೆಗಳಿಗೆ ಬಲೆ ಒಡ್ಡಿದಂತೆ ಎಂದು ಮೆನ್ಷಿಯಸ್ ಛೀ ರಾಜ್ಯದ ಅರಸನಿಗೆ ಹೇಳುತ್ತಾನೆ. ಮಗಳ ಮದುವೆಯ ಸಾಲಕ್ಕೆ ಸಿಕ್ಕಿಕೊಂಡ ನೌಕರನೊಬ್ಬ ಗ್ರಾಹಕರ ಹಣಕ್ಕೆ ಕೈಹಾಕಿದ ಪ್ರಕರಣದ ವಿಚಾರಣೆಯಲ್ಲಿ, ನಿಯಮ ಎಲ್ಲಿ ಸಡಿಲವಾಯಿತು ಎಂದು ಶುನ್‌ಜಿಯ ಪಕ್ಷದವರು ಕೇಳುತ್ತಾರೆ. ಇವನ ಮೊಳಕೆಯನ್ನು ಒಣಗಿಸಿದ್ದು ಯಾವುದು ಎಂದು ಮೆನ್ಷಿಯಸ್‌ನ ಪಕ್ಷದವರು ಕೇಳುತ್ತಾರೆ. ನಮ್ಮ ಕಚೇರಿಗಳ ವಿಚಾರಣಾ ವರದಿಗಳಲ್ಲಿ ಮೊದಲ ಪ್ರಶ್ನೆಗೆ ಅಂಕಣವಿರುತ್ತದೆ. ಎರಡನೆಯದಕ್ಕೆ ಇರುವುದನ್ನು ನಾನು ಕಂಡಿಲ್ಲ.

ಇದನ್ನೆಲ್ಲ ಒಂಟಿಯಾಗಿ ಮಾಡಿದ್ದಲ್ಲ. ಮೈಸೂರಿನಲ್ಲಿ ನಾವು ಕೆಲವರು ಭಾನುವಾರ ಬೆಳಿಗ್ಗೆ ಒಬ್ಬರ ಮನೆಯಲ್ಲಿ ಸೇರುತ್ತೇವೆ. ನಮ್ಮಲ್ಲಿರುವ ಒಂದೇ ಕಟ್ಟುಪಾಡು ಎಂದರೆ, ‘ಕೊನೆಗೆ ಎಲ್ಲ ಮಹನೀಯರೂ ಹೇಳಿದ್ದು ಒಂದೇ’ ಎಂಬ ಮಾತನ್ನು ಯಾರೂ ಆಡಕೂಡದು. ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಈ ವಾಕ್ಯ ವಿಚಾರವನ್ನು ನಿಲ್ಲಿಸಿಬಿಡುತ್ತದೆ. ಕೂಟದ ಹಿರಿಯ ಮೇಷ್ಟ್ರು ಮೆನ್ಷಿಯಸ್‌ನ ಪಕ್ಷಪಾತಿ. ದಯವೇ ಧರ್ಮದ ಮೂಲವೆಂದ ಬಸವಣ್ಣನವರನ್ನು ಅವರು ಅವನ ಪಕ್ಕದಲ್ಲಿ ನಿಲ್ಲಿಸುತ್ತಾರೆ. ದಯೆ ಮೂಲವೆನ್ನುವುದು ಬೇರೆ, ಅದು ಎಲ್ಲರಲ್ಲೂ ಹುಟ್ಟಿನಿಂದ ಇದೆಯೆನ್ನುವುದು ಬೇರೆ ಎಂದು ನಾನು ತಕರಾರು ತೆಗೆಯುತ್ತೇನೆ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಸದಸ್ಯೆಯೊಬ್ಬರು ಒಮ್ಮೆ ಹೇಳಿದರು: “ಮೇಷ್ಟ್ರೇ, ವಾರ್ಡಿನಲ್ಲಿ ಮೊದಲ ವರ್ಷ ಎದೆ ಧಸಕ್ಕೆನ್ನುತ್ತದೆ, ನಿಜ. ಆಮೇಲೆ ಅದು ಕಡಿಮೆಯಾಗುತ್ತದೆ. ರಾತ್ರಿ ಮೂರು ಗಂಟೆಗೆ ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸುವುದು ಅಭ್ಯಾಸದ ಬಲದಿಂದ, ಕನಿಕರದಿಂದ ಅಲ್ಲ.” ಶುನ್‌ಜಿಯ ಪರವಾಗಿ ನಾನು ಕೇಳಿರುವ ಅತ್ಯಂತ ಬಲವಾದ ವಾದ ಇದು, ಅವನ ಪುಸ್ತಕದ ವಾದಗಳನ್ನೂ ಸೇರಿಸಿ ಹೇಳುತ್ತಿದ್ದೇನೆ.

ಮೌಲ್ಯಗಳ ಪ್ರಶ್ನೆಗೆ ಬಂದಾಗ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1740ರಲ್ಲಿ ಕೊಟ್ಟ ಎಚ್ಚರಿಕೆ ನಮ್ಮ ಕೂಟಕ್ಕೆ ದಿನಬಳಕೆಯ ಸಾಧನವಾಯಿತು: ‘ಹೀಗಿದೆ’ ಎಂಬ ವಾಕ್ಯಗಳಿಂದ ‘ಹೀಗಿರಬೇಕು’ ಎಂಬ ವಾಕ್ಯಕ್ಕೆ ಬರಹಗಾರರು ಸದ್ದಿಲ್ಲದೆ ಜಾರುತ್ತಾರೆ. ಓದುವ ಪುಟದಲ್ಲಿ ಆ ಜಾರುವ ಜಾಗಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಸ್ವಭಾವ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನವಾದರೂ, ಯಾವುದನ್ನು ಬಯಸುವುದು ಯೋಗ್ಯ ಎಂಬುದು ಅದರಿಂದ ತಾನಾಗಿ ಹೊರಡುವುದಿಲ್ಲ. ಇಲ್ಲಿ ನೆರವಾದವರು ನಮ್ಮ ಊರಿನ ಮಹಾರಾಜಾ ಕಾಲೇಜಿನಲ್ಲಿಯೇ ಪಾಠ ಹೇಳಿದ ಎಂ. ಹಿರಿಯಣ್ಣನವರು. ಪುರುಷಾರ್ಥಗಳನ್ನು ಅವರು ಮೌಲ್ಯಗಳ ಸಿದ್ಧಾಂತವಾಗಿ ವಿವರಿಸುತ್ತಾರೆ. ಸಾಧನವಾಗಿ ಬೇಕಾದದ್ದು ಯಾವುದು, ತನಗಾಗಿಯೇ ಬೇಕಾದದ್ದು ಯಾವುದು ಎಂಬ ವಿಂಗಡಣೆ ಅದರ ತಿರುಳು. ಅದನ್ನು ಓದಿದ ಮೇಲೆ ಬೃಹದಾರಣ್ಯಕ ಉಪನಿಷತ್ತಿನ ಮೈತ್ರೇಯಿಯ ಪ್ರಶ್ನೆ ಬೇರೆಯಾಗಿ ಕೇಳಿಸಿತು. ಸಂಪತ್ತು ತುಂಬಿದ ಈ ಭೂಮಿಯೆಲ್ಲ ತನ್ನದಾದರೆ ಅಮೃತಳಾಗುವೆನೇ ಎಂದು ಅವಳು ಕೇಳಿದಾಗ, ಅನುಕೂಲವಂತರ ಬದುಕು ಹೇಗೋ ಹಾಗೆ ನಿನ್ನ ಬದುಕಾಗುತ್ತದೆ, ಅಷ್ಟೆ, ಎನ್ನುತ್ತಾನೆ ಅವಳ ಪತಿ ಯಾಜ್ಞವಲ್ಕ್ಯ. ಹಣವನ್ನು ಅವನು ಹಳಿಯುವುದಿಲ್ಲ. ಅದು ಕೊಡಬಲ್ಲದ್ದು ಎಷ್ಟು ಎಂದು ಖಚಿತವಾಗಿ ಹೇಳುತ್ತಾನೆ. ಠೇವಣಿದಾರರಿಗೆ ಇಷ್ಟು ಪ್ರಾಮಾಣಿಕವಾಗಿ ಉತ್ತರಿಸಿದ ಬ್ಯಾಂಕಿನವರು ಕಡಿಮೆ.

ಅರ್ಥದ ಪ್ರಶ್ನೆಯಲ್ಲಿ ನಾನು ಇನ್ನೂ ಹೆಚ್ಚು ದೂರ ಹೋಗಿಲ್ಲ. ಅಮೆರಿಕದ ಸೂಸನ್ ವುಲ್ಫ್ ಎಂಬ ತತ್ತ್ವಜ್ಞಾನಿ, ಮನಸ್ಸಾರೆ ಪ್ರೀತಿಸುವ ಕೆಲಸವೂ ಪ್ರೀತಿಗೆ ನಿಜವಾಗಿ ಅರ್ಹವಾದ ಕೆಲಸವೂ ಒಂದೇ ಆದಲ್ಲಿ ಬದುಕಿಗೆ ಅರ್ಥ ಬರುತ್ತದೆ ಎನ್ನುತ್ತಾರೆ. ಸಂಜೆ ನಗದು ತಾಳೆಯಾದಾಗ ಆಗುತ್ತಿದ್ದ ಸಂತೋಷ ಮೊದಲ ಷರತ್ತನ್ನು ಪೂರೈಸುತ್ತಿತ್ತು. ಎರಡನೆಯದನ್ನು ಪೂರೈಸುತ್ತಿತ್ತೇ ಎಂದು ತೀರ್ಮಾನಿಸಲು ಅರ್ಹತೆಯ ಅಳತೆ ಯಾರದೆಂದು ಹೇಳಬೇಕು. ಅವರ ಸಿದ್ಧಾಂತ ಸಡಿಲವಾಗಿರುವುದು ಅಲ್ಲಿಯೇ ಎಂದು ನನಗೆ ತೋರುತ್ತದೆ.

ಸದ್ಯಕ್ಕೆ ಕೂಟ ಮತ್ತೆ ಶುನ್‌ಜಿಗೆ ಮರಳಿದೆ, ಏಕೆಂದರೆ ಅವನ ಎದುರಿನ ಅತಿ ಕಠಿಣ ಆಕ್ಷೇಪವನ್ನು ನಾವು ಪರೀಕ್ಷಿಸಿರಲಿಲ್ಲ: ಎಲ್ಲರ ಸ್ವಭಾವವೂ ಕೆಟ್ಟದ್ದಾದರೆ, ವಿಧಿನಿಯಮಗಳನ್ನು ರಚಿಸಿದ ಮೊದಲ ಋಷಿಗಳಿಗೆ ಅವು ಎಲ್ಲಿಂದ ಬಂದವು? ಕುಂಬಾರ ಮಣ್ಣಿನಿಂದ ಮಡಕೆ ಮಾಡುತ್ತಾನೆ, ಆದರೆ ಮಡಕೆ ಅವನ ಸ್ವಭಾವದಲ್ಲಿ ಇರುವುದಿಲ್ಲ, ಹಾಗೆಯೇ ಋಷಿಗಳು ದೀರ್ಘ ಚಿಂತನೆಯಿಂದಲೂ ಅಭ್ಯಾಸದಿಂದಲೂ ನಿಯಮಗಳನ್ನು ಮಾಡಿದರು ಎಂಬುದು ಅವನ ಉತ್ತರ. ಮಡಕೆ ಬೇಕೆಂದು ಕುಂಬಾರನಿಗೆ ಅನ್ನಿಸಿದ್ದಾದರೂ ಏಕೆ ಎಂದು ಮೇಷ್ಟ್ರು ಕೇಳಿದ್ದಾರೆ. ಶುನ್‌ಜಿಯ ಪರವಾಗಿ ಅದಕ್ಕೆ ಲಿಖಿತ ಉತ್ತರ ಸಿದ್ಧಪಡಿಸುವ ಕೆಲಸ ಮುಂದಿನ ಭಾನುವಾರಕ್ಕೆ ನನ್ನ ಪಾಲಿಗೆ ಬಂದಿದೆ.