ವಚನದಿಂದ ಪುಸ್ತಕಕ್ಕೆ: ಸತ್ಯವೇದ ಅಧ್ಯಯನದಲ್ಲಿ ನನ್ನ ಅನುಭವ

ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ 1839ರಲ್ಲಿ ಹುಬ್ಬಳ್ಳಿಗೆ ಬಂದ ಮೇಲೆ ಸತ್ಯವೇದವನ್ನು, ಅಂದರೆ ಬೈಬಲನ್ನು, ಮನೆಯಲ್ಲಿ ಗಟ್ಟಿಯಾಗಿ ಓದುವ ರೂಢಿ ಇಲ್ಲಿನ ಕ್ರೈಸ್ತ ಕುಟುಂಬಗಳಲ್ಲಿ ಬೆಳೆದು ಬಂದಿದೆ. ನಮ್ಮ ಮನೆಯೂ ಅದಕ್ಕೆ ಹೊರತಲ್ಲ. ಆದರೂ ಕುಟುಂಬ ಪ್ರಾರ್ಥನೆಯ ಒಂದು ಕೀರ್ತನೆ, ಹೊಸ ವರ್ಷದ ಆರಾಧನೆಯಲ್ಲಿ ಕೈಗೆ ಬರುವ, ದೇವರ ಭರವಸೆಯ ಒಂದು ವಚನ ಬರೆದ ವಾಗ್ದಾನದ ಕಾರ್ಡು, ಗೋಡೆಯ ಕ್ಯಾಲೆಂಡರಿನ ವಚನ, ಇವು ಭಕ್ತಿಗೆ ಆಸರೆಯಾಗಬಲ್ಲವೇ ಹೊರತು ಅಧ್ಯಯನದ ಸ್ಥಾನವನ್ನು ತುಂಬಲಾರವು ಎಂಬುದು ನನ್ನ ಅಭಿಪ್ರಾಯ. ರೈಲ್ವೆ ನೌಕರನಾದ ನನಗೆ ಪಾಳಿ ಬದಲಾಗುತ್ತಿದ್ದುದರಿಂದ ನಸುಕಿನ ಇಂಥದೇ ಗಂಟೆಗೆ ಓದಬೇಕೆಂಬ ನಿಯಮ ಒಗ್ಗಲಿಲ್ಲ. ಹೊತ್ತಿನ ಬದಲು ಪುಸ್ತಕವನ್ನೇ ನಿಗದಿ ಮಾಡಿಕೊಂಡೆ: ಹಿಡಿದದ್ದು ಮುಗಿಯುವ ತನಕ ಇನ್ನೊಂದಕ್ಕೆ ಕೈಹಾಕುವುದಿಲ್ಲ.

ಮೊದಲು ಆರಿಸಿಕೊಂಡದ್ದು ಯೇಸುವಿನ ಜೀವನವನ್ನು ಹೇಳುವ ನಾಲ್ಕು ಪುಸ್ತಕಗಳಲ್ಲಿ ಒಂದಾದ ಮಾರ್ಕನ ಸುವಾರ್ತೆ. ಹದಿನಾರೇ ಅಧ್ಯಾಯಗಳಾದ್ದರಿಂದ ರಜೆಯ ದಿನ ಕುಳಿತಲ್ಲಿಯೇ ಅದನ್ನು ಓದಿ ಮುಗಿಸಬಹುದು. ಮೊದಲ ಓದಿನಲ್ಲಿ ಪೆನ್ನು ಹಿಡಿಯುವುದಿಲ್ಲ. ಎರಡನೆಯ ಓದಿನಲ್ಲಿ, ಒಂದೊಂದು ಪ್ರಸಂಗ ಎಲ್ಲಿ ತೊಡಗಿ ಎಲ್ಲಿ ಮುಗಿಯುತ್ತದೆಂದು ಬರೆದುಕೊಳ್ಳುತ್ತೇನೆ. ಅಧ್ಯಾಯಗಳ ಈಗಿನ ವಿಭಾಗ 13ನೆಯ ಶತಮಾನದ್ದು, ಸತ್ಯವೇದದ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ವಚನಗಳ ಅಂಕಿ 1551ರದ್ದು, ಆದ್ದರಿಂದ ಅವುಗಳಿಗೆ ಕಟ್ಟುಬೀಳಬೇಕಾಗಿಲ್ಲ. ಹೀಗೆ ಬರೆಯುವಾಗಲೇ 5ನೆಯ ಅಧ್ಯಾಯದಲ್ಲಿ ಯಾಯೀರನ ಮಗಳ ಕಥೆಯ ನಡುವೆ ರಕ್ತಸ್ರಾವದ ಹೆಂಗಸಿನ ಕಥೆ ಸೇರಿರುವುದೂ, ಹುಡುಗಿಯ ವಯಸ್ಸೂ ಹೆಂಗಸಿನ ಕಾಯಿಲೆಯ ಕಾಲವೂ ಹನ್ನೆರಡೇ ವರ್ಷವೆಂಬುದೂ ಕಣ್ಣಿಗೆ ಬಿದ್ದವು. ಇದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು 8ರಿಂದ 10ನೆಯ ಅಧ್ಯಾಯಗಳ ಕಟ್ಟು. ಬೆತ್ಸಾಯಿದದ ಕುರುಡನಿಗೆ ದೃಷ್ಟಿ ಎರಡು ಹಂತದಲ್ಲಿ ಬರುತ್ತದೆ. ಕೊನೆಯಲ್ಲಿ ಬಾರ್ತಿಮಾಯನು ಕಣ್ಣು ಬಂದೊಡನೆ ಯೇಸುವಿನ ಹಿಂದೆ ದಾರಿ ಹಿಡಿಯುತ್ತಾನೆ. ಇವೆರಡರ ನಡುವೆ ಯೇಸು ಮೂರು ಸಲ ತನ್ನ ಮರಣವನ್ನು ಮುಂತಿಳಿಸುತ್ತಾನೆ, ಮೂರು ಸಲವೂ ಶಿಷ್ಯರಿಗೆ ಅದು ಹತ್ತುವುದಿಲ್ಲ: ಪೇತ್ರ ಗದರಿಸುತ್ತಾನೆ, ಉಳಿದವರು ತಮ್ಮಲ್ಲಿ ಯಾರು ದೊಡ್ಡವರೆಂದು ವಾದಿಸುತ್ತಾರೆ, ಯಾಕೋಬ ಯೋಹಾನರು ಎಡಬಲದ ಆಸನ ಕೇಳುತ್ತಾರೆ. ಅರೆಗಣ್ಣಿನವರು ಯಾರೆಂದು ಸುವಾರ್ತಿಕನು ಬಾಯಿಬಿಟ್ಟು ಹೇಳುವುದಿಲ್ಲ. ದಿನಕ್ಕೊಂದು ವಚನ ಓದುವವರಿಗೆ ಈ ಜೋಡಣೆ ಕಾಣುವ ಸಂಭವವೇ ಕಡಿಮೆ.

ಮೂರನೆಯ ಓದು, ಸತ್ಯವೇದದ ಬೇರೆ ಭಾಗಗಳತ್ತ ಕೈತೋರುವ ಅಡಿಟಿಪ್ಪಣಿಗಳಿಗೆ ಮೀಸಲು. ದೇವಾಲಯದಲ್ಲಿ ಯೇಸು ಆಡಿದ 'ಕಳ್ಳರ ಗವಿ'ಯ ಮಾತಿನಿಂದ ಪ್ರವಾದಿ ಯೆರೆಮೀಯನ ಗ್ರಂಥದ 7ನೆಯ ಅಧ್ಯಾಯಕ್ಕೆ ಹೋದೆ, ಅಲ್ಲಿಂದ ಆ ಪ್ರವಾದಿಯ ಇಡೀ ಗ್ರಂಥಕ್ಕೆ. ವಾಗ್ದಾನದ ಕಾರ್ಡುಗಳಲ್ಲಿ ಅಚ್ಚುಮೆಚ್ಚಿನದಾದ, ಒಳ್ಳೆಯ ಭವಿಷ್ಯದ ಭರವಸೆ ಕೊಡುವ 29:11 (29ನೆಯ ಅಧ್ಯಾಯದ 11ನೆಯ ವಚನ) ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಬರೆದ ಪತ್ರದ ಒಂದು ಸಾಲು. ಅದರ ಹಿಂದಿನ ವಚನವೇ ಎಪ್ಪತ್ತು ವರ್ಷ ಕಾಯಬೇಕೆಂದು ಹೇಳುತ್ತದೆ, ಅದಕ್ಕೂ ಮುಂಚೆ ಅಲ್ಲಿಯೇ ಮನೆ ಕಟ್ಟಿ ತೋಟ ಮಾಡಿರೆಂಬ ಅಪ್ಪಣೆಯಿದೆ. ಇದನ್ನು ತಿಳಿದ ಮೇಲೂ ಆ ವಚನ ನನಗೆ ಪ್ರಿಯವೇ, ಆದರೆ ಈ ವರ್ಷದ ಬಡ್ತಿಗೆ ಅದನ್ನು ಅನ್ವಯಿಸಲು ಮನಸ್ಸು ಬರುವುದಿಲ್ಲ.

ವ್ಯಾಖ್ಯಾನ ಗ್ರಂಥಗಳನ್ನು ಮೂರೂ ಓದುಗಳ ನಂತರವೇ ತೆರೆಯುತ್ತೇನೆ. ಬಗೆಹರಿಯದ ಪ್ರಶ್ನೆಗಳಿಗೆ ನೋಟ್‌ಬುಕ್ಕಿನ ಹಿಂಬದಿಯ ಹಾಳೆಗಳಿವೆ. ಹಳೆಯ ಕೆಲವು ಹಸ್ತಪ್ರತಿಗಳು ಮಾರ್ಕನ ಸುವಾರ್ತೆಯನ್ನು 16:8ರಲ್ಲಿ, ಯೇಸುವಿನ ಸಮಾಧಿಯಿಂದ ಹೆಂಗಸರು ಹೆದರಿ ಓಡುವಲ್ಲಿಗೇ ಏಕೆ ನಿಲ್ಲಿಸುತ್ತವೆ ಎಂಬುದನ್ನು ಸಭಾಪಾಲಕರೊಂದಿಗೆ ಚರ್ಚಿಸಿದ್ದೇನೆ, ಆದರೂ ಅದು ಆ ಪಟ್ಟಿಯಲ್ಲಿ ಹಾಗೆಯೇ ಉಳಿದಿದೆ. ಸದ್ಯ ಕೈಯಲ್ಲಿರುವುದು ಇನ್ನೊಬ್ಬ ಪ್ರವಾದಿ ಆಮೋಸನ ಗ್ರಂಥ. ಅದರ ಮೊದಲ ವಚನದಲ್ಲಿ ಬರುವ ಇಸ್ರಾಯೇಲಿನ ಅರಸ ಯಾರೊಬ್ಬಾಮನ ಕಾಲವನ್ನು ತಿಳಿಯಲು ಅರಸುಗಳ ಎರಡನೆಯ ಪುಸ್ತಕದ 14ನೆಯ ಅಧ್ಯಾಯವನ್ನು ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದೇನೆ.